ಹೆಸರು ಸಂತರದು, ಬರಹ ಯಾರದು?

ಧಾರ್ಮಿಕ ಗ್ರಂಥವೊಂದನ್ನು ಕೈಗೆತ್ತಿಕೊಂಡೊಡನೆ ನಾವು ಮೊದಲು ನೋಡುವುದು ಕರ್ತೃವಿನ ಹೆಸರನ್ನು. ಅದು ಸಂತರೊಬ್ಬರ ಹೆಸರಾದರೆ ಮರುಮಾತಿಲ್ಲದೆ ನಂಬುತ್ತೇವೆ. ಆ ಹೆಸರೇ ತಪ್ಪಾಗಿದ್ದರೆ? ಪ್ರಾಚೀನ ಧರ್ಮಸಭೆಯ ಬೈಬಲ್ ವ್ಯಾಖ್ಯಾನಗಳಲ್ಲಿ ಇಂಥ ಪ್ರಸಂಗಗಳು ವಿರಳವಲ್ಲ.

ಸಂತ ಪೌಲರ 13 ಪತ್ರಗಳಿಗೆ ಲತೀನ್ ಭಾಷೆಯಲ್ಲಿ ರಚಿತವಾದ ವ್ಯಾಖ್ಯಾನವೊಂದು ಮಧ್ಯಯುಗದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರದೆಂದೇ ಪ್ರಸಿದ್ಧವಾಗಿತ್ತು. ಅದಕ್ಕೂ ಮೊದಲು, ಸುಮಾರು 420ರಲ್ಲಿ, ಸಂತ ಅಗಸ್ಟೀನರು ಆದಾಮನಲ್ಲಿ ಎಲ್ಲರೂ ಪಾಪಮಾಡಿದರೆಂಬ ಅದರ ವಿವರಣೆಯನ್ನು ಹಿಲರಿಯವರ ಹೆಸರಿನಲ್ಲಿ ಉದ್ಧರಿಸಿದ್ದರು. ಜನ್ಮಪಾಪದಂಥ ಗಹನ ವಿಷಯದಲ್ಲಿಯೇ ಈ ಬರಹ ಆಧಾರವಾಯಿತೆಂಬುದು ಗಮನಾರ್ಹ.

16ನೆಯ ಶತಮಾನದಿಂದೀಚೆಗೆ ವಿದ್ವಾಂಸರಿಗೆ ಸಂದೇಹ ಮೂಡಿತು. ಅಂಬ್ರೋಸರು ಗ್ರೀಕ್ ಗ್ರಂಥಗಳನ್ನು ಆದರದಿಂದ ಬಳಸಿದವರು. ಈ ಲೇಖಕನಾದರೋ ಗ್ರೀಕ್ ಪ್ರತಿಗಳಿಗಿಂತ ಹಳೆಯ ಲತೀನ್ ಪಾಠವನ್ನೇ ಹೆಚ್ಚು ನಂಬುತ್ತಾನೆ. ಅಂಬ್ರೋಸರಿಗೆ ಸಾಂಕೇತಿಕ ಅರ್ಥ ಪ್ರಿಯ; ಈತನಿಗೆ ನೇರವಾದ ಅರ್ಥ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರವನ್ನು ವಿವರಿಸುವಾಗ, ಅಂದು ಧರ್ಮಸಭೆಯನ್ನು ನಡೆಸುತ್ತಿದ್ದವರು ದಮಾಸಸರೆಂದು ಆತನೇ ತಿಳಿಸುತ್ತಾನೆ. ಪೋಪ್ ದಮಾಸಸರ ಕಾಲ 366ರಿಂದ 384. ಹೀಗೆ ಕಾಲ ತಿಳಿಯಿತು, ಹೆಸರು ತಿಳಿಯಲಿಲ್ಲ. ಆದುದರಿಂದ ವಿದ್ವಾಂಸರು ಆತನನ್ನು 'ಅಂಬ್ರೋಸಿಯಾಸ್ಟರ್' ಎಂದು ಕರೆಯುತ್ತಾರೆ.

ಇದಕ್ಕಿಂತಲೂ ವಿಚಿತ್ರವಾದುದು ಪೆಲಾಜಿಯಸನ ವ್ಯಾಖ್ಯಾನದ ಕಥೆ. ದೇವರ ಕೃಪೆಯ ಕುರಿತಾದ ಆತನ ಬೋಧನೆ 418ರಲ್ಲಿ ಖಂಡನೆಗೊಳಗಾಯಿತು. ಆದರೂ ಪೌಲರ ಪತ್ರಗಳಿಗೆ ಆತ ಬರೆದ ವ್ಯಾಖ್ಯಾನ ಸಂತ ಜೆರೋಮರ ಹೆಸರಿನ ಆಶ್ರಯದಲ್ಲಿ ಉಳಿಯಿತು! 6ನೆಯ ಶತಮಾನದಲ್ಲಿ ಕ್ಯಾಸಿಯೊಡೋರಸರ ಕೈಗೆ ಅದು ಬಂದಾಗ, ಪೋಪ್ ಗೆಲಾಸಿಯಸರ ಕೃತಿಯೆಂಬ ಮಾತು ಪ್ರಚಲಿತವಾಗಿತ್ತು. ಕ್ಯಾಸಿಯೊಡೋರಸರು ಹೆಸರಿಗೆ ಮರುಳಾಗದೆ ಓದಿದರು, ಪೆಲಾಜಿಯಸನ ಬೋಧನೆಯ ಸುಳಿವನ್ನು ಗುರುತಿಸಿದರು, ರೋಮನರಿಗೆ ಬರೆದ ಪತ್ರದ ಭಾಗವನ್ನು ಸ್ವತಃ ತಿದ್ದಿದರು. ಮಿಕ್ಕುದನ್ನು ತಮ್ಮ ಮಠವಾಸಿಗಳಿಗೆ ಬಿಟ್ಟರು. ಮೂಲ ಪಾಠವನ್ನು ಅಲೆಕ್ಸಾಂಡರ್ ಸೌಟರ್ ಎಂಬ ವಿದ್ವಾಂಸರು 1922ರಿಂದ 1931ರ ಅವಧಿಯಲ್ಲಿ ಪ್ರಕಟಿಸಿದರು.

ಇವೆಲ್ಲವೂ ಮೋಸವೆಂದು ನಾವು ಭಾವಿಸಬೇಕಾಗಿಲ್ಲ. ಕೈಬರಹದ ಕಾಲದಲ್ಲಿ ಹೆಸರಿಲ್ಲದ ಪ್ರತಿಗೆ ಪ್ರಸಿದ್ಧರ ಹೆಸರು ಅಂಟಿಕೊಳ್ಳುವುದು ಸುಲಭವಾಗಿತ್ತು. ಆ ಹೆಸರೇ ಅನೇಕ ಕೃತಿಗಳನ್ನು ನಾಶದಿಂದ ಕಾಪಾಡಿತು.

ಪ್ರಿಯ ವಾಚಕರೇ, ನಮ್ಮ ಮನೆಗಳಿಗೂ ಸಂತರ ಹೆಸರು ಹೊತ್ತ ಪ್ರಾರ್ಥನೆಗಳು, ನುಡಿಗಳು ಬರುತ್ತಲೇ ಇರುತ್ತವೆ. ಅವು ಯಾರವೆಂದು ವಿಚಾರಿಸುವುದು ಅವಿಶ್ವಾಸವಲ್ಲ. ಸತ್ಯಕ್ಕೆ ಸಲ್ಲಿಸುವ ಗೌರವ. ಹೆಸರು ಕಳಚಿದ ಮಾತ್ರಕ್ಕೆ ಒಳ್ಳೆಯ ಮಾತು ಕೆಡದು. ಹೆಸರು ಅಂಟಿದ ಮಾತ್ರಕ್ಕೆ ತಪ್ಪು ಮಾತು ಸರಿಯಾಗದು.