ಹಸಿರು ಚಹಾ ಮತ್ತು ಮಜ್ಜಿಗೆ ಹುಲ್ಲು

ಪುಣೆಯ ಮಂಡಯಿಯಲ್ಲಿ ಶುಂಠಿ, ಕೊತ್ತಂಬರಿಗಳ ಪಕ್ಕದಲ್ಲಿ ನೀಳವಾದ ಹಸಿರು ಗರಿಗಳ ಕಟ್ಟೊಂದು ಮಾರಾಟಕ್ಕೆ ಇರುತ್ತದೆ. ಮರಾಠಿಯಲ್ಲಿ ಅದಕ್ಕೆ ‘ಗವತಿ ಚಹಾ’, ಅಂದರೆ ಹುಲ್ಲಿನ ಚಹಾ, ಎಂದು ಹೆಸರು. ‘ಹಿರವಾ ಚಹಾ’, ಅಂದರೆ ಹಸಿರು ಚಹಾ, ಎನ್ನುವವರೂ ಉಂಟು. ಕಿರಾಣಿ ಅಂಗಡಿಯಲ್ಲಿ ಅದೇ ಹಸಿರು ಚಹಾ ಎಂಬ ಹೆಸರಿಗೆ ದೊರೆಯುವುದು ಒಣಗಿಸಿದ ಬೇರೊಂದು ಎಲೆ. ಹೆಸರು ಒಂದೇ ಆದರೂ ವಸ್ತುಗಳು ಎರಡು. ಅವುಗಳ ಗುಣಗಳೂ ಬೇರೆ.

ಮಂಡಯಿಯ ಗರಿ ಹುಲ್ಲಿನ ಜಾತಿಯದು. ಸಿಟ್ರಾಲ್ ಎಂಬ ತೈಲಾಂಶದಿಂದ ಅದಕ್ಕೆ ನಿಂಬೆಯ ಪರಿಮಳ ಬಂದಿದೆ. ಕನ್ನಡದಲ್ಲಿ ಅದು ‘ಮಜ್ಜಿಗೆ ಹುಲ್ಲು’. ಕನ್ನಡದ ಹೆಸರು ಮಜ್ಜಿಗೆಯನ್ನು ಹಿಡಿದು ಬಂದಿದೆ, ಮರಾಠಿಯದು ಚಹಾವನ್ನು. ಚಹಾ ಗಿಡವಾದರೋ ಕಮೇಲಿಯಾ ಕುಲದ್ದು. ಹುಲ್ಲಿಗೂ ಅದಕ್ಕೂ ಯಾವ ನಂಟೂ ಇಲ್ಲ.

ನಿಜವಾದ ಹಸಿರು ಚಹಾದ ಪ್ರಸಿದ್ಧ ನೆಲೆಗಳಲ್ಲೊಂದು ಚೀನದ ಆನ್‌ಹುಯಿ ಪ್ರಾಂತದ ದಕ್ಷಿಣ ಭಾಗ. ಅಲ್ಲಿ ಹುವಾಂಗ್‌ಶಾನ್ ಪರ್ವತವು 1,800 ಮೀಟರಿಗೂ ಮಿಕ್ಕು ಎದ್ದು ನಿಂತಿದೆ. ಅದರ ದಕ್ಷಿಣಕ್ಕೆ ಸುಂಗ್‌ಲೊ ಬೆಟ್ಟವಿದೆ. ಮಂಜು ಕವಿದ ಈ ಇಳಿಜಾರುಗಳಲ್ಲಿ ವಸಂತದ ಮೊದಲ ಕುಡಿಗಳನ್ನು, ಒಂದೆರಡು ಎಳೆಯ ಎಲೆಗಳೊಡನೆ, ಕೈಯಿಂದಲೇ ಬಿಡಿಸುತ್ತಾರೆ. ಬಿಸಿಲು ನೇರವಾಗಿ ತಾಗದ ಕಡೆ ಎಲೆಯಲ್ಲಿ ಒಗರು ಕಡಮೆ, ಸವಿ ಹೆಚ್ಚು.

ಆದರೆ ಹಸಿರು ಉಳಿಯುವುದು ಬೆಟ್ಟದಿಂದಲ್ಲ, ಬಾಣಲೆಯಿಂದ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ಎಲ್ಲರೂ ಬಲ್ಲರು. ಚಹಾ ಎಲೆಯಲ್ಲಿಯೂ ಅಂಥದೇ ಕಿಣ್ವವಿದೆ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಅದು ಕಂದುಗಟ್ಟಿ ಕಪ್ಪು ಚಹಾ ಆಗುತ್ತದೆ. ಕೊಯ್ದ ಕೆಲವೇ ಗಂಟೆಗಳಲ್ಲಿ ಕಾದ ಬಾಣಲೆಯಲ್ಲಿ ಹುರಿದರೆ ಕಿಣ್ವವು ನಾಶವಾಗಿ ಹಸಿರು ನಿಲ್ಲುತ್ತದೆ. ಅನಂತರ ಹೊಸೆದು ಒಣಗಿಸುತ್ತಾರೆ. ಹಸಿರು, ಕಪ್ಪು ಎಂಬುದು ಗಿಡದ ಭೇದವಲ್ಲ, ಸಂಸ್ಕಾರದ ಭೇದ.

ಈ ಸರಳ ಸಂಗತಿಯನ್ನು ಯುರೋಪು ಬಹುಕಾಲ ಅರಿಯದೆ ಹೋಯಿತು. 1762ರಲ್ಲಿ ಲಿನೇಯಸ್‌ನಂಥ ಸಸ್ಯಶಾಸ್ತ್ರಜ್ಞನೇ ಇವನ್ನು ಎರಡು ಬೇರೆ ಜಾತಿಯ ಗಿಡಗಳೆಂದು ಹೆಸರಿಸಿದನು. 1840ರ ದಶಕದಲ್ಲಿ ಚೀನವನ್ನು ಸುತ್ತಿದ ರಾಬರ್ಟ್ ಫಾರ್ಚ್ಯೂನ್ ಎಂಬ ಸ್ಕಾಟ್ಲೆಂಡಿನ ತೋಟಗಾರನು ಎರಡೂ ಒಂದೇ ಗಿಡದಿಂದ ಆಗಬಲ್ಲವೆಂದು ಕಂಡುಕೊಂಡನು. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ, ತಲೆ ಬೋಳಿಸಿ ಚೀನೀ ವೇಷದಲ್ಲಿ, ಅವನು ಸುಂಗ್‌ಲೊ ಬೆಟ್ಟಕ್ಕೆ ಹೋದನು. ಅವನು ತಂದ ಸಸಿಗಳು ಹಿಮಾಲಯದ ತಪ್ಪಲಿನ ತೋಟಗಳಿಗೆ ಬಂದವು.

ಅದೇ ನಾಡಿನಲ್ಲಿ ಅವನು ಇನ್ನೊಂದನ್ನೂ ಕಂಡನು. ವಿದೇಶೀ ಗಿರಾಕಿಗಳಿಗೆ ಕಣ್ಣಿಗೆ ಹಸಿರಾಗಿ ಕಾಣಲೆಂದು ಎಲೆಗೆ ನೀಲಿ ಬಣ್ಣವನ್ನೂ ಜಿಪ್ಸಮ್ಮನ್ನೂ ಬೆರೆಸುತ್ತಿದ್ದರು. ನೂರು ಪೌಂಡು ಚಹಾಕ್ಕೆ ಅರ್ಧ ಪೌಂಡಿಗೂ ಮಿಕ್ಕ ಬಣ್ಣವೆಂದು ಅವನ ಲೆಕ್ಕ. ಚೀನೀಯರು ತಾವು ಮಾತ್ರ ಅದನ್ನು ಕುಡಿಯುತ್ತಿರಲಿಲ್ಲ. ಕೊಳ್ಳುವವನು ಹೆಸರನ್ನಷ್ಟೇ ನೆಚ್ಚಿದರೆ ಮಾರುವವನು ಹೆಸರಿಗೆ ತಕ್ಕ ಬಣ್ಣವನ್ನು ಹಚ್ಚಿಕೊಟ್ಟಾನು.

ಪುಣೆಯಲ್ಲಿ ಇಂದು ಹೆಸರಿನ ಗೊಂದಲದಿಂದ ಆಗುವ ತೊಡಕು ಬೇರೆ ಬಗೆಯದು. ಮಜ್ಜಿಗೆ ಹುಲ್ಲನ್ನು ಹಾಲು, ಸಕ್ಕರೆ, ಶುಂಠಿಗಳೊಡನೆ ಕುದಿಸಿದಷ್ಟೂ ಪರಿಮಳ. ಹಸಿರು ಚಹಾವನ್ನು ಕುದಿಸಿದರೆ ಕಹಿಯಾಗುತ್ತದೆ. ಕುದಿದಿಳಿಸಿ ಸುಮಾರು 80 ಡಿಗ್ರಿಗೆ ಆರಿದ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿದರೆ ಸಾಕು, ಹಾಲು ಬೇಡ. ಮುಖ್ಯವಾಗಿ, ಹಸಿರು ಚಹಾದಲ್ಲಿ ಕೆಫೀನ್ ಇದೆ, ಹುಲ್ಲಿನಲ್ಲಿ ಇಲ್ಲ. ಕೆಫೀನ್ ಬಿಡಬೇಕೆಂದು ವೈದ್ಯರು ಹೇಳಿದವರಿಗೆ ಬರಿಯ ಹುಲ್ಲಿನ ಕಷಾಯ ಸಲ್ಲುತ್ತದೆ. ಹೆಸರು ನಂಬಿ ಹಸಿರು ಚಹಾ ತಂದರೆ ವೈದ್ಯರ ಮಾತು ಮೀರಿದಂತಾಗುತ್ತದೆ.

ಧಾರವಾಡದ ಕಡೆಯ ‘ಚಹಾ’, ಮೈಸೂರಿನ ಕಡೆಯ ‘ಟೀ’ ಎರಡೂ ಚೀನದಿಂದಲೇ ಬಂದ ಮಾತುಗಳು: ಮೊದಲನೆಯದು ‘ಚಾ’ ಎಂಬುದರಿಂದ, ಎರಡನೆಯದು ಫೂಜಿಯನ್ ಕರಾವಳಿಯ ‘ತೆ’ ಎಂಬುದರಿಂದ. ಆ ಎಲೆಗೆ ಕನ್ನಡವು ಹೆಸರನ್ನು ಎರವಲು ಪಡೆಯಬೇಕಾಯಿತು. ಹುಲ್ಲಿಗೆ ಹಾಗಿಲ್ಲ, ಅದಕ್ಕೆ ತನ್ನದೇ ಹೆಸರುಂಟು. ಮಂಡಯಿಯಲ್ಲಿ ‘ಗವತಿ ಚಹಾ’ ಎಂದು ಕೇಳಿ ತಂದರೂ ಮನೆಯೊಳಗೆ ಅದು ಮಜ್ಜಿಗೆ ಹುಲ್ಲಾಗಿಯೇ ಉಳಿದರೆ, ಹಸಿರು ಚಹಾ ಎಂಬ ಹೆಸರು ಬೆಟ್ಟದ ಎಲೆಗೇ ಮೀಸಲಾಗುತ್ತದೆ.