ಶೀತಲೀಕರಣ ತಂತ್ರಜ್ಞರ ತರಬೇತಿ: ಉದ್ದಿಮೆದಾರರ ಹಿತ ಮತ್ತು ಹೊಣೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಶೈತ್ಯಾಗಾರವೊಂದರ ಕಂಪ್ರೆಸರ್ ನಿಂತುಹೋಯಿತೆಂದರೆ ಮಾಲೀಕರ ಕೈಯಲ್ಲಿ ಉಳಿಯುವ ಕಾಲಾವಕಾಶ ಸ್ವಲ್ಪವೇ. ಬ್ಯಾಡಗಿಯ ಒಣಮೆಣಸಿನಕಾಯಿ ಕೆಲವು ದಿನ ತಾಳಿಕೊಂಡೀತು. ಹಾಸನದ ಬಿತ್ತನೆ ಆಲೂಗಡ್ಡೆ ಅಷ್ಟು ತಾಳದು. 4 ಡಿಗ್ರಿಯಲ್ಲಿ ಇರಬೇಕಾದ ಹಾಲು, ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ ಐಸ್‌ಕ್ರೀಂ, ಮಲ್ಪೆಯ ಬಂದರಿನಿಂದ ಬಂದ ಮೀನು, 2ರಿಂದ 8 ಡಿಗ್ರಿಯೊಳಗೆ ಕಾಯ್ದಿಡಬೇಕಾದ ಲಸಿಕೆ, ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಹಾಳಾಗುವ ಸರಕುಗಳು. ಆ ಹೊತ್ತಿನಲ್ಲಿ ಬಂದು ಯಂತ್ರದ ಮುಂದೆ ಕುಳಿತುಕೊಳ್ಳುವ ವ್ಯಕ್ತಿಗೆ ಕೆಲಸ ತಿಳಿದಿದೆಯೋ ಇಲ್ಲವೋ ಎಂಬುದರ ಮೇಲೆಯೇ ಲಕ್ಷಾಂತರ ರೂಪಾಯಿಯ ದಾಸ್ತಾನಿನ ಭವಿಷ್ಯ ನಿಂತಿರುತ್ತದೆ.

ಹೀಗಿದ್ದರೂ ಯಂತ್ರ ಖರೀದಿಸುವಾಗ ಹತ್ತು ಕಡೆ ವಿಚಾರಿಸುವ ಉದ್ದಿಮೆದಾರರು, ಅದನ್ನು ದುರಸ್ತಿ ಮಾಡುವವನ ತರಬೇತಿಯ ಬಗ್ಗೆ ವಿಚಾರಿಸುವುದು ಅಪರೂಪ. ಕರೆದ ಕೂಡಲೇ ಬರುತ್ತಾನೆ, ಕಡಿಮೆ ಹಣ ಕೇಳುತ್ತಾನೆ ಎಂಬ ಎರಡೇ ಅರ್ಹತೆಗಳು ಸಾಕೆನಿಸುತ್ತವೆ. ಕಳೆದ ಎರಡು ದಶಕಗಳಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಬದಲಾವಣೆಗಳನ್ನು ಗಮನಿಸಿದರೆ ಈ ಅಳತೆಗೋಲು ಇನ್ನು ಸಾಲದೆಂಬುದು ಸ್ಪಷ್ಟವಾಗುತ್ತದೆ.

ಬದಲಾದ ಅನಿಲ, ಬದಲಾಗದ ಅಭ್ಯಾಸ

ಶೀತಲೀಕರಣದ ಮೂಲತತ್ತ್ವ ಸರಳವಾದದ್ದು. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ಕಂಡೆನ್ಸರ್ ಅದರ ಶಾಖವನ್ನು ಹೊರಹಾಕಿ ದ್ರವವಾಗಿಸುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ಅಥವಾ ಕೆಪಿಲರಿ ಕೊಳವೆ ಒತ್ತಡವನ್ನು ಇಳಿಸುತ್ತದೆ. ಎವಾಪರೇಟರ್‌ನಲ್ಲಿ ಆ ದ್ರವ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ವ್ಯಾಪಾರಿಗಳು ನಿತ್ಯ ಬಳಸುವ ‘ಟನ್’ ಎಂಬ ಮಾತು ಕೂಡ ಮಂಜುಗಡ್ಡೆಯ ಕಾಲದ್ದು. 2000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್. ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್.

ತತ್ತ್ವ ಹಾಗೆಯೇ ಉಳಿದಿದ್ದರೂ ಯಂತ್ರದೊಳಗೆ ಹರಿಯುವ ಅನಿಲ ಬದಲಾಗಿದೆ. ಸಿ.ಎಫ್.ಸಿ. ಅನಿಲಗಳು ಓಝೋನ್ ಪದರವನ್ನು ಕೊರೆಯುತ್ತವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. 2010ರ ವೇಳೆಗೆ ದೇಶದ ಶೀತಲೀಕರಣ ಉದ್ಯಮದಿಂದ ಸಿ.ಎಫ್.ಸಿ. ಮರೆಯಾಯಿತು. ಅದರ ಸ್ಥಾನದಲ್ಲಿ ಬೇರೂರಿದ ಆರ್-22ರ ಸರದಿಯೂ ಈಗ ಮುಗಿಯುತ್ತ ಬಂದಿದೆ. ಹೊಸ ಯಂತ್ರಗಳ ತಯಾರಿಕೆಯಲ್ಲಿ ಎಚ್.ಸಿ.ಎಫ್.ಸಿ. ಅನಿಲಗಳ ಬಳಕೆ 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಹಳೆಯ ಯಂತ್ರಗಳ ದುರಸ್ತಿಗಷ್ಟೇ ಆರ್-22 ಉಳಿದಿದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, ಅದರಂತೆ ಎಚ್.ಎಫ್.ಸಿ. ಅನಿಲಗಳ ಬಳಕೆಯನ್ನೂ 2032ರಿಂದ ಹಂತಹಂತವಾಗಿ ತಗ್ಗಿಸಬೇಕಾಗಿದೆ.

ಈ ಬದಲಾವಣೆಯ ಭಾರವೆಲ್ಲ ಕೊನೆಗೆ ಬೀಳುವುದು ತಂತ್ರಜ್ಞನ ಕೈಮೇಲೆ. ಆರ್-410ಎ ಅನಿಲದ ಒತ್ತಡ ಆರ್-22ಕ್ಕಿಂತ ಸುಮಾರು ಶೇ. 60ರಷ್ಟು ಹೆಚ್ಚು, ಹಳೆಯ ಗೇಜು ಮತ್ತು ಹಳೆಯ ಕೊಳವೆಗಳಿಂದ ಅದನ್ನು ನಿಭಾಯಿಸಲಾಗದು. ಅದು ಎರಡು ಅನಿಲಗಳ ಮಿಶ್ರಣವಾದ್ದರಿಂದ ದ್ರವರೂಪದಲ್ಲಿಯೇ ತುಂಬಬೇಕು. ಅದರೊಂದಿಗೆ ಬಳಸುವ ಎಣ್ಣೆ ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ. ಇಂದು ಮನೆ ಮತ್ತು ಅಂಗಡಿಗಳ ಹವಾನಿಯಂತ್ರಕಗಳಲ್ಲಿ ವ್ಯಾಪಕವಾಗಿರುವ ಆರ್-32 ಸೌಮ್ಯವಾಗಿ ದಹಿಸುವ ಅನಿಲ. ಆರ್-290 ಎಂಬುದು ಪ್ರೊಪೇನ್. ಅಡುಗೆ ಅನಿಲದ ಹತ್ತಿರದ ಬಂಧು. ಭೂತಾಪದ ದೃಷ್ಟಿಯಿಂದ ಅದು ಬಹಳ ಉತ್ತಮ. ಒಂದು ಕಿಲೋ ಆರ್-22 ಸುಮಾರು 1810 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದರೆ, ಒಂದು ಕಿಲೋ ಆರ್-32 ಸುಮಾರು 675 ಕಿಲೋಗೆ ಸಮ; ಪ್ರೊಪೇನ್ ಮೂರರ ಆಸುಪಾಸು ಮಾತ್ರ. ಆದರೆ ಬೀಡಿ ಸೇದುತ್ತ ಯಂತ್ರ ಬಿಚ್ಚುವ ಅಭ್ಯಾಸ ಅದರ ಮುಂದೆ ನಡೆಯುವುದಿಲ್ಲ.

ತರಬೇತಿಯ ದಾರಿಗಳು

ಈ ವೃತ್ತಿಗೆ ಪ್ರಧಾನ ದ್ವಾರ ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐ.ಟಿ.ಐ. ವಿಜ್ಞಾನ ಮತ್ತು ಗಣಿತ ವಿಷಯಗಳೊಂದಿಗೆ ಹತ್ತನೆಯ ತರಗತಿ ತೇರ್ಗಡೆಯಾದವರು ಶೀತಲೀಕರಣ ಮತ್ತು ಹವಾನಿಯಂತ್ರಣ ತಂತ್ರಜ್ಞ ವೃತ್ತಿಯ ಎರಡು ವರ್ಷಗಳ ತರಬೇತಿಗೆ ಸೇರಬಹುದು. ಫಿಟ್ಟಿಂಗ್, ತಗಡಿನ ಕೆಲಸ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್‌ನ ಪ್ರಾಥಮಿಕ ಅಂಶಗಳಿಂದ ಆರಂಭವಾಗುವ ಪಾಠ, ತಾಮ್ರದ ಕೊಳವೆಗಳ ಬ್ರೇಜಿಂಗ್, ಫ್ರಿಜ್ ಮತ್ತು ಹವಾನಿಯಂತ್ರಕಗಳ ದುರಸ್ತಿಯ ಮೂಲಕ ಶೈತ್ಯಾಗಾರ, ಮಂಜುಗಡ್ಡೆ ಘಟಕ ಮತ್ತು ಕೇಂದ್ರೀಕೃತ ಹವಾನಿಯಂತ್ರಣ ಘಟಕಗಳವರೆಗೆ ಸಾಗುತ್ತದೆ. ಕೊನೆಯಲ್ಲಿ ಅಖಿಲ ಭಾರತ ವೃತ್ತಿ ಪರೀಕ್ಷೆ ಮತ್ತು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಮುಂದೆ ಓದುವ ಆಸಕ್ತಿಯಿದ್ದವರು ಪಾಲಿಟೆಕ್ನಿಕ್‌ನ ಡಿಪ್ಲೊಮಾ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ.

ಎರಡನೆಯ ದಾರಿ 1961ರ ಶಿಶಿಕ್ಷು ಕಾಯಿದೆಯದು. 30 ಅಥವಾ ಅದಕ್ಕೂ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಅದು ಐಚ್ಛಿಕ. ಅಂದರೆ 20 ಜನರಿರುವ ಸಣ್ಣ ಘಟಕವೂ ಇಷ್ಟಪಟ್ಟಲ್ಲಿ ಮೂವರವರೆಗೆ ಯುವಕ ಯುವತಿಯರನ್ನು ತರಬೇತಿಗೆ ತೆಗೆದುಕೊಳ್ಳಬಹುದು. ಐ.ಟಿ.ಐ. ಮುಗಿಸಿ ಬಂದವರಿಗೆ ಮೂಲ ತರಬೇತಿಯನ್ನು ಮತ್ತೆ ಕೊಡಬೇಕಾಗಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ.

ಮೂರನೆಯದು, ಈಗಾಗಲೇ ಕೆಲಸದಲ್ಲಿರುವವರಿಗೆ. ಈ ವೃತ್ತಿಯ ಬಹುಪಾಲು ಜನ ಯಾವ ಶಾಲೆಯಲ್ಲೂ ಕಲಿತವರಲ್ಲ. ಹುಡುಗರಾಗಿದ್ದಾಗ ಮೇಸ್ತ್ರಿಯೊಬ್ಬರ ಬಳಿ ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು. ಕಂಪ್ರೆಸರಿನ ಸದ್ದು ಕೇಳಿಯೇ ರೋಗ ಹೇಳುವ, ಕೊಳವೆಯನ್ನು ಮುಟ್ಟಿಯೇ ಅನಿಲದ ಪ್ರಮಾಣ ಊಹಿಸುವ ಅವರ ಅನುಭವವನ್ನು ತಳ್ಳಿಹಾಕುವುದು ಅವಿವೇಕ. ಅಂಥವರಿಗಾಗಿಯೇ 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ರೂಪಿಸಲಾಯಿತು. ಓಝೋನ್ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮಗಳಡಿಯೂ ದುರಸ್ತಿ ತಂತ್ರಜ್ಞರಿಗೆ ಅಲ್ಪಾವಧಿಯ ತರಬೇತಿ ನಡೆಯುತ್ತ ಬಂದಿದೆ. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಭಾರತ ಶೀತಲೀಕರಣ ಕಾರ್ಯಯೋಜನೆಯು 2022-23ರ ವೇಳೆಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣೀಕರಣ ನೀಡುವ ಗುರಿಯನ್ನು ಹಾಕಿಕೊಂಡಿತ್ತು. ಸಾಮಾನ್ಯ ಮೆಕ್ಯಾನಿಕ್ಕನ ಕೈಗುಣ ರಾಷ್ಟ್ರೀಯ ಯೋಜನೆಯೊಂದರ ಗುರಿಯಾಯಿತೆಂಬುದೇ ಅದರ ಮಹತ್ವವನ್ನು ಹೇಳುತ್ತದೆ.

ತರಬೇತಿಯಿಲ್ಲದ ಕೆಲಸದ ಬೆಲೆ

ಅನಿಲ ಸೋರಿದ ಯಂತ್ರಕ್ಕೆ ಸೋರಿಕೆಯನ್ನು ಹುಡುಕದೆ ಮತ್ತೆ ಮತ್ತೆ ಅನಿಲ ತುಂಬಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಮಾಲೀಕರು ಪ್ರತಿ ಬೇಸಿಗೆಯಲ್ಲೂ ಅದೇ ಹಣವನ್ನು ತೆರುತ್ತಾರೆ. ಬ್ರೇಜಿಂಗ್ ಮಾಡುವಾಗ ಕೊಳವೆಯೊಳಗೆ ಸಾರಜನಕ ಹರಿಸದಿದ್ದರೆ ಒಳಗೋಡೆಯಲ್ಲಿ ಕರಿ ಕಟ್ಟುತ್ತದೆ. ಅದೇ ಕರಿ ಕೆಲವು ತಿಂಗಳ ನಂತರ ಕೆಪಿಲರಿಯನ್ನು ಮುಚ್ಚುತ್ತದೆ. ನಿರ್ವಾತ ಪಂಪಿನಿಂದ ಗಾಳಿ ಮತ್ತು ತೇವವನ್ನು ಪೂರ್ತಿಯಾಗಿ ತೆಗೆಯದೆ ಅನಿಲ ತುಂಬಿದರೆ ಒಳಗೆ ಆಮ್ಲ ಉಂಟಾಗಿ ಕಂಪ್ರೆಸರಿನ ಸುರುಳಿ ಸುಟ್ಟುಹೋಗುತ್ತದೆ. ಆಗ ‘ಕಂಪನಿಯ ಮಾಲು ಸರಿಯಿಲ್ಲ’ ಎಂಬ ಮಾತು ಕೇಳಿಬರುತ್ತದೆ; ದೋಷ ಅರ್ಧ ಗಂಟೆ ಉಳಿಸಲು ಹೋದ ಕೈಯದು.

ವಿದ್ಯುತ್ ಬಿಲ್ಲು ಮತ್ತೊಂದು ನಷ್ಟ. ಎವಾಪರೇಟರಿನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು ಸಾಧ್ಯವಾದರೆ ವಿದ್ಯುತ್ತಿನಲ್ಲಿ ಸುಮಾರು ಶೇ. 3ರಷ್ಟು ಉಳಿತಾಯವಾಗುತ್ತದೆ. ಸುರುಳಿಯ ಮೇಲೆ ಹಿಮ ದಪ್ಪವಾಗಿ ಕಟ್ಟಿದಾಗ, ಕಂಡೆನ್ಸರಿಗೆ ದೂಳು ಮೆತ್ತಿದಾಗ ಈ ಲೆಕ್ಕ ತಿರುಗುಮುರುಗಾಗುತ್ತದೆ. ಯಂತ್ರ ನಿಲ್ಲುವುದಿಲ್ಲವಾದ್ದರಿಂದ ಈ ಸೋರಿಕೆ ಯಾರ ಕಣ್ಣಿಗೂ ಬೀಳದೆ ವರ್ಷವಿಡೀ ಲಾಭವನ್ನು ತಿನ್ನುತ್ತದೆ.

ಎಲ್ಲಕ್ಕಿಂತ ದೊಡ್ಡ ಬೆಲೆ ಜೀವದ್ದು. ಸೋರಿಕೆ ಪರೀಕ್ಷೆಗೆ ಸಾರಜನಕದ ಬದಲು ಕೈಗೆ ಸಿಕ್ಕ ಆಮ್ಲಜನಕದ ಸಿಲಿಂಡರನ್ನು ಜೋಡಿಸಿದರೆ ಕಂಪ್ರೆಸರಿನೊಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ. ದೊಡ್ಡ ಶೈತ್ಯಾಗಾರಗಳಲ್ಲಿ ಮತ್ತು ಮಂಜುಗಡ್ಡೆ ಘಟಕಗಳಲ್ಲಿ ಬಳಸುವ ಅಮೋನಿಯಾ ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಡುವ ವಿಷಾನಿಲ. ಮುಚ್ಚಿದ ಕೋಣೆಯಲ್ಲಿ ಸೋರಿದ ವಾಸನೆಯಿಲ್ಲದ ಅನಿಲಗಳು ಸದ್ದಿಲ್ಲದೆ ಉಸಿರಾಟದ ಗಾಳಿಯನ್ನು ಹೊರತಳ್ಳುತ್ತವೆ. ಯಾವ ಅನಿಲದ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅನುಭವದಿಂದ ಕಲಿಯಲು ಹೊರಟವನಿಗೆ ಎರಡನೆಯ ಅವಕಾಶ ಸಿಗದಿರಬಹುದು.

ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ತಾಂತ್ರಿಕ ಜ್ಞಾನವಿಲ್ಲದ ವ್ಯಾಪಾರಿಯೂ ಕೆಲಸದ ಗುಣಮಟ್ಟವನ್ನು ಅಳೆಯಬಹುದು. ತಂತ್ರಜ್ಞ ತನ್ನೊಡನೆ ತೂಕದ ಯಂತ್ರ ತಂದಿದ್ದಾನೆಯೇ, ಅಥವಾ ಅನಿಲವನ್ನು ಅಂದಾಜಿನಲ್ಲಿ ತುಂಬುತ್ತಾನೆಯೇ? ಸಾರಜನಕದ ಸಿಲಿಂಡರ್ ಮತ್ತು ನಿರ್ವಾತ ಪಂಪು ಇವೆಯೇ? ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಬೇರೆ ಸಿಲಿಂಡರಿಗೆ ಹಿಡಿದುಕೊಳ್ಳುತ್ತಾನೆಯೇ? ಯಂತ್ರದ ಪಟ್ಟಿಯಲ್ಲಿ ನಮೂದಿಸಿದ ಅನಿಲವನ್ನೇ ಹಾಕುತ್ತಾನೆಯೇ? ಮಾಡಿದ ಕೆಲಸ, ತುಂಬಿದ ಅನಿಲದ ತೂಕ, ಒತ್ತಡ ಮತ್ತು ತಾಪಮಾನಗಳನ್ನು ಬರೆದುಕೊಡುತ್ತಾನೆಯೇ? ಈ ಐದಕ್ಕೂ ಹೌದೆಂಬ ಉತ್ತರ ಸಿಕ್ಕಲ್ಲಿ ಆತ ಕೇಳುವ ಹೆಚ್ಚುವರಿ ಹಣ ದುಬಾರಿಯಲ್ಲ. ಈ ಉಪಕರಣಗಳಿಗೆ ಆತನೂ ಬಂಡವಾಳ ಹಾಕಿದ್ದಾನೆಂಬುದನ್ನು ವ್ಯಾಪಾರಿಗಳು ಮರೆಯಬಾರದು.

‘ಕಲಿಸಿದರೆ ಬಿಟ್ಟುಹೋಗುತ್ತಾರೆ’

ಸಣ್ಣ ಉದ್ದಿಮೆದಾರರ ನಡುವೆ ಪದೇ ಪದೇ ಕೇಳಿಬರುವ ಆಕ್ಷೇಪಣೆ ಇದು. ಕೆಲಸ ಕಲಿತ ಹುಡುಗ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಡುತ್ತಾನೆಂಬ ಆತಂಕ ನಿರಾಧಾರವಲ್ಲ. ಆದರೆ ಆತ ಹೊರಡುವುದೇಕೆಂಬುದನ್ನೂ ವಿಚಾರಿಸಬೇಕು. ಫೆಬ್ರವರಿಯಿಂದ ಜೂನ್‌ವರೆಗೆ ಊಟಕ್ಕೂ ಬಿಡುವಿಲ್ಲದಷ್ಟು ಕೆಲಸ, ಮಳೆಗಾಲ ಬಂದೊಡನೆ ಖಾಲಿ ಕೈ. ಇದು ಈ ವೃತ್ತಿಯ ಸ್ವರೂಪ. ವರ್ಷಕ್ಕೆ ಐದು ತಿಂಗಳ ಸಂಪಾದನೆಯಲ್ಲಿ ಸಂಸಾರ ನಡೆಸಬೇಕಾದವನಿಗೆ ಊರಿನ ಮೇಲಿನ ಅಭಿಮಾನವೊಂದೇ ಸಾಲದು.

ಇದಕ್ಕೆ ಪರಿಹಾರ ಮಾಲೀಕರ ಕೈಯಲ್ಲಿಯೇ ಇದೆ. ಸುರುಳಿ ಶುಚಿಗೊಳಿಸುವುದು, ಸೋರಿಕೆ ಪರೀಕ್ಷೆ, ವಿದ್ಯುತ್ ಸಂಪರ್ಕಗಳ ತಪಾಸಣೆ, ಬಾಗಿಲಿನ ರಬ್ಬರು ಬದಲಿಸುವುದು ಮುಂತಾದ ಕೆಲಸಗಳನ್ನು ಬೇಸಿಗೆಗೆ ಮೊದಲೇ, ಬಿಡುವಿನ ತಿಂಗಳುಗಳಲ್ಲಿ ಮಾಡಿಸುವುದು ಯಂತ್ರಕ್ಕೂ ಹಿತ. ಒಂದೇ ಕೈಗಾರಿಕಾ ವಸಾಹತಿನ ಹತ್ತು ಹದಿನೈದು ಘಟಕಗಳು, ಅಥವಾ ಒಂದೇ ಮಾರುಕಟ್ಟೆಯ ವರ್ತಕರು ಕೂಡಿ ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಂಡರೆ ಇಬ್ಬರು ತಂತ್ರಜ್ಞರಿಗೆ ಹನ್ನೆರಡು ತಿಂಗಳ ಕೆಲಸ ದೊರೆಯುತ್ತದೆ. ಹಾಗೆಯೇ ಸಮೀಪದ ಐ.ಟಿ.ಐ.ಗೆ ಹಳೆಯ ಕಂಪ್ರೆಸರ್ ಅಥವಾ ಕೆಟ್ಟ ಯಂತ್ರವೊಂದನ್ನು ಅಭ್ಯಾಸಕ್ಕೆಂದು ಕೊಡುವುದು, ವಿದ್ಯಾರ್ಥಿಗಳನ್ನು ತಮ್ಮ ಶೈತ್ಯಾಗಾರದೊಳಗೆ ಕರೆದೊಯ್ದು ತೋರಿಸುವುದು ಯಾರಿಗೂ ಹೊರೆಯಾಗುವ ಕೆಲಸವಲ್ಲ. ಅನುಭವವುಳ್ಳ ಹಳೆಯ ಮೇಸ್ತ್ರಿಯನ್ನು ಕೆಲವು ದಿನಗಳ ತರಬೇತಿಗೆ ಕಳುಹಿಸಿ, ಆ ದಿನಗಳ ಕೂಲಿಯನ್ನು ತಾವೇ ಭರಿಸಿದರೆ ಆತ ಮರಳಿ ಬಂದು ಇನ್ನಿಬ್ಬರಿಗೆ ಕಲಿಸಿಯಾನು.

ಹವಾನಿಯಂತ್ರಕಗಳು ಒಂದು ಕಾಲಕ್ಕೆ ಸಿನಿಮಾ ಮಂದಿರ ಮತ್ತು ದೊಡ್ಡ ಹೋಟೆಲುಗಳ ವೈಭವವಾಗಿದ್ದವು. ಇಂದು ತಾಲ್ಲೂಕು ಕೇಂದ್ರದ ಔಷಧದಂಗಡಿ, ಬೇಕರಿ, ಹಣ್ಣಿನ ಮಂಡಿ ಯಾವುದೂ ತಂಪಿನ ಯಂತ್ರವಿಲ್ಲದೆ ನಡೆಯದು. ಯಂತ್ರ ಎಲ್ಲ ಕಡೆಯೂ ತಲುಪಿದೆ. ಅದನ್ನು ಬಲ್ಲವರು ಇನ್ನೂ ಎಲ್ಲ ಕಡೆ ತಲುಪಿಲ್ಲ. ಮುಂದಿನ ಬೇಸಿಗೆಗೆ ಮೊದಲು ತಮ್ಮ ಘಟಕಕ್ಕೆ ಒಬ್ಬ ಶಿಶಿಕ್ಷುವನ್ನು ತೆಗೆದುಕೊಳ್ಳುವ ವಿಚಾರವನ್ನು ಪ್ರತಿಯೊಬ್ಬ ಉದ್ದಿಮೆದಾರರೂ ಮಾಡಿದಲ್ಲಿ, ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಕಂಪ್ರೆಸರ್ ನಿಂತರೂ ದಾಸ್ತಾನು ಉಳಿದೀತು.