ಪಿಂಗಾಣಿಯ ಹಿಡಿಕೆ, ಜಾಲಿಯ ಬಡಿಗೆ

ಊರಿ ನಡೆಯುವುದಕ್ಕೆ ಇರುವುದು ಊರುಗೋಲು. ಹೆಸರಿನಲ್ಲಿಯೇ ಅದರ ಕೆಲಸವಿದೆ. ಆದರೆ ಊರಲು ಅಂಜಬೇಕಾದ ಕೋಲುಗಳೂ ಲೋಕದಲ್ಲಿ ಹುಟ್ಟಿದವು. ಬೆಲೆಯಲ್ಲಿ ಅವೇ ಮೇಲಾದವು.

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮೈಸೆನ್ನಿನಲ್ಲಿ 1710ರಲ್ಲಿ ಪಿಂಗಾಣಿಯ ಕಾರ್ಖಾನೆ ಆರಂಭವಾಯಿತು. ಅದುವರೆಗೆ ಯುರೋಪಿನ ಅರಸರು ಗಟ್ಟಿ ಪಿಂಗಾಣಿಗಾಗಿ ಚೀನ, ಜಪಾನುಗಳ ಕಡೆಗೆ ನೋಡಬೇಕಾಗಿತ್ತು. ಬಟ್ಟಲು ತಟ್ಟೆಗಳೊಡನೆ ಅಲ್ಲಿ ಕೈಗೋಲಿನ ಹಿಡಿಕೆಗಳೂ ಮೂಡಿದವು: ಹೂವು ಚಿತ್ರಿಸಿದ ಗುಂಡುಗಳು, ಹೆಣ್ಣಿನ ಮೊಗವನ್ನು ಹೊತ್ತ ಹಿಡಿಕೆಗಳು. ಹಿಡಿಕೆಯ ಒಳಗೆ ಪೊಳ್ಳು. ಕೋಲಿನ ತುದಿಯನ್ನು ಅದರಲ್ಲಿ ಇಳಿಸಿ, ಸಂದು ಕಾಣದಂತೆ ಬೆಳ್ಳಿಯದೋ ಚಿನ್ನದದೋ ಪಟ್ಟಿ ತೊಡಿಸುತ್ತಿದ್ದರು. ಕೋಲು ಮಾತ್ರ ಅನೇಕ ವೇಳೆ ಪೂರ್ವದೇಶದ ಮಲಾಕ್ಕಾ ಬೆತ್ತವೇ! ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಹಿಡಿಕೆ ಚೂರು. ಆಸರೆ ಬೇಡದವನ ಕೈಯ ಅಲಂಕಾರವದು.

ವಿಜಯಪುರದ ಸೀಮೆಗೂ ಪಿಂಗಾಣಿ ಹೊಸದಲ್ಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಾತ್ರೆಗಳಿವೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಮುದುಕರ ಕೈಗೆ ಒಗ್ಗಿದ್ದು ಬಡಿಗೆ. ಎರೆನೆಲ ಮಳೆಗೆ ನೆನೆದು ಕಾಲನ್ನು ಹಿಡಿದುಕೊಂಡಾಗ ಕೋಲಿನ ಗುಣವನ್ನು ಹೇಳುವುದು ಅದರ ಕೆಳತುದಿ. ಹಿಡಿಯುವ ಕಡೆಗೆ ಬಣ್ಣವಿಲ್ಲ. ಅಂಗೈಯ ಬೆವರು ಹತ್ತಿ ಹತ್ತಿ ಬಂದ ಹೊಳಪಿದೆ. ಆ ಹೊಳಪನ್ನು ಯಾವ ಕುಲುಮೆಯೂ ಕೊಡಲಾರದೆಂದು ನನ್ನ ಎಣಿಕೆ.

ಹಿರಿಯ ತೀರಿಕೊಂಡ ಮೇಲೆ ಬಡಿಗೆ ದನ ಕಾಯಲು ಹೋಗುತ್ತದೆ, ಕೊನೆಗೆ ಒಲೆಗೆ. ಮೈಸೆನ್ನಿನ ಹಿಡಿಕೆಗಳಾದರೋ ಗಾಜಿನ ಕಪಾಟುಗಳಲ್ಲಿ ಉಳಿದಿವೆ. ಹಲವಕ್ಕೆ ಈಗ ಕೋಲೇ ಇಲ್ಲ. ನಾಲ್ಕೂ ತಾಲೂಕುಗಳ ಶಾಲೆಯ ಮಾಸ್ತರರು ಮನೆಮನೆಗಳಲ್ಲಿ ಕೇಳಿ, ಒಂದೊಂದು ಬಡಿಗೆಯನ್ನಾದರೂ ಹಿಡಿದವರ ಹೆಸರಿನೊಡನೆ ತೆಗೆದಿರಿಸಲಿ. ಶಾಲೆಯ ಗೋಡೆಯಲ್ಲಿ ಎರಡು ಮೊಳೆ ಸಾಕು.